16 ಎಂಎಂ ರಿವೆಟ್

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಎಂಟು ಮಷಿನ್. ಗಂಡ ಕಟಿಂಗ್ ನೋಡಿಕೊಳ್ಳುತ್ತಾರೆ. ಗುಂಡಿ, ರಿವೆಟ್, ಕೊನೆಯ ಚೆಕಿಂಗ್ ನನ್ನದು. ಜೇಬಿನ ಮೂಲೆಗೆ ರಿವೆಟ್ ಬಡಿಯೋದು, ಉಗುರಿನಿಂದ ಒಮ್ಮೆ ಎಳೆದು ನೋಡೋದು, ಪಕ್ಕಕ್ಕೆ ಹಾಕೋದು. ಹದಿನೈದು ವರ್ಷದಿಂದ ಇದೇ. ಹೋದ ವರ್ಷದಿಂದ ನನ್ನ ಎದೆಯೊಳಗೂ ಅಂಥದ್ದೊಂದು ಕೂತಿದೆ.

ಶುರುವಾಗಿದ್ದು ಏದುಸಿರಿನಿಂದ. ಕೋಟೆ ಗುಡ್ಡ ಹತ್ತುವಾಗ ಅರ್ಧಕ್ಕೇ ಕೂತುಬಿಡುತ್ತಿದ್ದೆ. ಮಗ ಮೇಲಿಂದ ಕೂಗುತ್ತಿದ್ದ. ಒಂದು ಕ್ಲಿನಿಕ್‌ನಲ್ಲಿ 'ರಕ್ತ ಕಡಿಮೆ' ಅಂದರು. ಮೂರು ವರ್ಷ ಕಬ್ಬಿಣದ ಟಾನಿಕ್ ಕುಡಿದೆ. ಹಲ್ಲು ಕಪ್ಪಾಯಿತೇ ಹೊರತು ಏದುಸಿರು ಹೋಗಲಿಲ್ಲ. ಅಷ್ಟು ದಿನದಲ್ಲಿ ಒಬ್ಬರಾದರೂ ಎದೆಗೆ ಸ್ಟೆತಸ್ಕೋಪ್ ಇಟ್ಟು ಸಮಾಧಾನವಾಗಿ ಕೇಳಲಿಲ್ಲವಲ್ಲ ಅನ್ನೋ ಸಿಟ್ಟು ಇವತ್ತಿಗೂ ಇದೆ. ಕೊನೆಗೆ ಕೇಳಿದ ಡಾಕ್ಟರು ಕಣ್ಣು ಮುಚ್ಚಿಕೊಂಡು ಎರಡು ನಿಮಿಷ ಕೇಳಿದರು. "ಲಬ್ ಡಬ್ ಅಂತ ಬರಬೇಕಮ್ಮ. ನಿಮ್ಮ ಡಬ್ ಎರಡಾಗಿ ಕೇಳ್ತಿದೆ. ಎಕೋ ಮಾಡಿಸಿ, ಹೃದಯದ ಸ್ಕ್ಯಾನ್ ಅದು" ಅಂದರು.

ಎಕೋದಲ್ಲಿ ಸಿಕ್ಕಿತು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ 14 ಎಂಎಂ ತೂತು. ಎಎಸ್‌ಡಿ ಅನ್ನುತ್ತಾರೆ. ಎಡಗಡೆ ಒತ್ತಡ ಜಾಸ್ತಿ. ಹಾಗಾಗಿ ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತದಲ್ಲಿ ಒಂದಷ್ಟು ಬಲಗಡೆಗೆ ನುಸುಳಿ, ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಮಾಡಿದ ಕೆಲಸವನ್ನೇ ಮತ್ತೆ ಮಾಡಿ ಮಾಡಿ ಬಲಭಾಗ ಹಿಗ್ಗಿತ್ತು.

ಪಕ್ಕದ ಮನೆಯವರು "ಎಲ್ಲರಿಗೂ ಅಲ್ಲೊಂದು ತೂತು ಇರುತ್ತಂತಲ್ಲ" ಅಂದರು. ಅದು ಬೇರೆ ತೂತು. ಹೊಟ್ಟೆಯಲ್ಲಿರುವ ಮಗುವಿಗೆ ಶ್ವಾಸಕೋಶದ ಕೆಲಸ ಇರೋದಿಲ್ಲ. ರಕ್ತ ದಾಟಲು ಆ ಗೋಡೆಯಲ್ಲಿ ಪರದೆಯಂಥ ಒಂದು ಬಾಗಿಲಿರುತ್ತದೆ. ಹುಟ್ಟಿದ ಮೇಲೆ ಅದು ಅಂಟಿಕೊಳ್ಳಬೇಕು. ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಪೂರ್ತಿ ಅಂಟುವುದಿಲ್ಲ. ಅದು ಪಿಎಫ್‌ಒ, ಹೆಚ್ಚಿನವರಿಗೆ ಏನೂ ತೊಂದರೆ ಕೊಡುವುದಿಲ್ಲ. ನನ್ನದರಲ್ಲಿ ಬಟ್ಟೆಯೇ ಕಡಿಮೆ ಬಿದ್ದಿತ್ತು.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಗುಂತಕಲ್ ಸುತ್ತಿಕೊಂಡು ಹೋಗುವ ಆ ಗಾಡಿಯಲ್ಲಿ ನನಗೆ ನಿದ್ದೆ ಬರಲಿಲ್ಲ. ಎದೆ ಸೀಳುತ್ತಾರೆ ಅಂತಲೇ ತಿಳಿದಿದ್ದೆ.

ಅಲ್ಲಿನ ಡಾಕ್ಟರು ಎದೆ ಸೀಳದೆ ತೂತು ಮುಚ್ಚುವ ಸಾಧನದ ಒಂದು ಸ್ಯಾಂಪಲ್ ಡ್ರಾಯರ್‌ನಿಂದ ತೆಗೆದು ಕೈಗೆ ಕೊಟ್ಟರು. ಕೂದಲೆಳೆಯಂಥ ತಂತಿಯಲ್ಲಿ ಹೆಣೆದ ಎರಡು ಬಿಲ್ಲೆ. ನಡುವೆ ಗಿಡ್ಡ ಸೊಂಟ. ಒಳಗೆ ಪಾಲಿಯೆಸ್ಟರ್ ಬಟ್ಟೆ. ನನಗೆ ನಗು ಬಂತು. ಇದು ರಿವೆಟ್ ಅಲ್ವಾ! ಎರಡೂ ತುದಿ ಹಿಡಿದು ಎಳೆದೆ. ಉದ್ದಕ್ಕೆ ಹಗ್ಗದ ಹಾಗೆ ಆಯಿತು. ಬಿಟ್ಟೆ. ಟಪ್ ಅಂತ ಮತ್ತೆ ಎರಡು ಬಿಲ್ಲೆ. ಮೂರು ನಾಲ್ಕು ಸಲ ಮಾಡಿದೆ, ಗಂಡ ಮೊಣಕೈಯಲ್ಲಿ ತಿವಿದರು. ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಅದು, ತನ್ನ ಆಕಾರ ಮರೆಯದ ಲೋಹ. ಇದನ್ನು ರೂಪಿಸಿದವರು ಅಮೆರಿಕದ ಮಿನ್ನೆಸೋಟದಲ್ಲಿದ್ದ ಕುರ್ಟ್ ಆಂಪ್ಲಾಟ್ಜ್. ಅವರ ಹೆಸರಿನ ಆಂಪ್ಲಾಟ್ಜರ್ ಸಾಧನಕ್ಕೆ ಅಲ್ಲಿನ ಸರ್ಕಾರ 2001ರಲ್ಲಿ ಒಪ್ಪಿಗೆ ಕೊಟ್ಟಿತು.

ಡಾಕ್ಟರು ಕೇಳಿದ ಒಂದು ಪ್ರಶ್ನೆ ಮಾತ್ರ ಮರೆಯಲ್ಲ. "ಜೀನ್ಸ್ ಗುಂಡಿ ತಾಗಿದರೆ ಹೊಟ್ಟೆ ಕೆರೆಯುತ್ತಾ?" ನಿಕ್ಕಲ್ ಅಲರ್ಜಿ ಇದ್ದವರಿಗೆ ಹಾಗಾಗುತ್ತದಂತೆ. ದಿನಕ್ಕೆ ನೂರಾರು ಗುಂಡಿ ಮುಟ್ಟುವ ಕೈ ತೋರಿಸಿದೆ.

ಎಲ್ಲ ತೂತಿಗೂ ಇದು ನಡೆಯಲ್ಲ. ಸುತ್ತ ಕನಿಷ್ಠ 5 ಎಂಎಂ ಆದರೂ ಗಟ್ಟಿ ಅಂಚು ಇರಬೇಕು. ಇಲ್ಲದಿದ್ದರೆ ಬಿಲ್ಲೆಗೆ ಹಿಡಿತ ಸಿಗುವುದಿಲ್ಲ, ಆಪರೇಷನ್ನೇ ಗತಿ. ಇದನ್ನು ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಂಚಿಗೆ ತೀರಾ ಹತ್ತಿರ ರಿವೆಟ್ ಬಡಿದ ಜೇಬು ಒಂದೇ ವಾರದಲ್ಲಿ ಹರಿದು ವಾಪಸ್ ಬರುತ್ತದೆ. ಗಂಟಲಿನೊಳಗೆ ಕೊಳವೆ ಇಳಿಸಿ ಅಂಚು ಅಳೆದರು. ಸಾಕಷ್ಟಿತ್ತು.

ನನಗೆ ಹಾಕಿದ್ದು 16 ಎಂಎಂ. ಅದು ಸೊಂಟದ ಅಳತೆ. ಎಡಗಡೆ ಬಿಲ್ಲೆ 30 ಎಂಎಂ, ಬಲಗಡೆಯದು 26. ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು ಒಂದು, ಒಂಚೂರು ಸಣ್ಣದು ಇನ್ನೊಂದು. ಅಷ್ಟೂ ತೊಡೆಸಂದಿನ ರಕ್ತನಾಳದಿಂದ ಪೆನ್ ರೀಫಿಲ್ ಗಾತ್ರದ ಕೊಳವೆಯಲ್ಲಿ ಹೋಯಿತು. ಎಡಕೋಣೆಯಲ್ಲಿ ಮೊದಲ ಬಿಲ್ಲೆ ಬಿಚ್ಚಿ, ಗೋಡೆಗೆ ತಾಗುವ ತನಕ ಹಿಂದಕ್ಕೆ ಎಳೆದು, ಬಲಗಡೆ ಎರಡನೆಯದನ್ನು ಬಿಡುತ್ತಾರೆ. ಆಮೇಲೆ ತಳ್ಳಿ, ಎಳೆದು ಅಲ್ಲಾಡಿಸಿ ನೋಡುತ್ತಾರೆ. ಇದು ನಾನು ಉಗುರಲ್ಲಿ ಮಾಡುವ ಚೆಕಿಂಗೇ. ಆದರೆ ಅವರಿಗೊಂದು ಅನುಕೂಲ ಇದೆ. ಬಿಲ್ಲೆ ತಂತಿಯ ತುದಿಗೆ ತಿರುಪಿನಲ್ಲಿ ಕೂತಿರುತ್ತದೆ. ಸರಿಯಾಗಿ ಕೂರದಿದ್ದರೆ ಕೊಳವೆಯೊಳಗೆ ವಾಪಸ್ ಎಳೆದುಕೊಳ್ಳಬಹುದು. ತಿರುಪು ಬಿಚ್ಚಿದ ಮೇಲೆ ಮಾತ್ರ ಮುಗಿಯಿತು. ನಮ್ಮ ರಿವೆಟ್ ಸೊಟ್ಟ ಬಿದ್ದರೆ ಪ್ಯಾಂಟೇ ಸೆಕೆಂಡ್ಸ್ ಮಾಲು.

ಮಾರನೇ ದಿನ ಎದ್ದು ಓಡಾಡಿದೆ. ಆಸ್ಪತ್ರೆ ಬಿಲ್ಲಿನ ಕಥೆ ಇನ್ನೊಂದು ದಿನ ಹೇಳ್ತೀನಿ, ಈಗ ಬೇಡ.

ಆರು ತಿಂಗಳು ಆಸ್ಪಿರಿನ್ ನುಂಗಿದೆ. ತಂತಿಯ ಮೇಲೆ ರಕ್ತ ಹೆಪ್ಪುಗಟ್ಟಬಾರದಲ್ಲ. ಅಷ್ಟರೊಳಗೆ ಹೃದಯದ್ದೇ ಪದರ ಅದರ ಮೇಲೆ ಬೆಳೆದುಕೊಳ್ಳುತ್ತದೆ. ಹಲ್ಲು ಕೀಳಿಸೋದಿದ್ದರೆ ಮೊದಲು ಹೇಳಿ, ಸೋಂಕಾಗದ ಹಾಗೆ ಮಾತ್ರೆ ಕೊಡಬೇಕು ಅಂದಿದ್ದರು. ಮೊದಲ ತಿಂಗಳು ಬಟ್ಟೆಯ ಥಾನು ಎತ್ತಲು ಬಿಡಲಿಲ್ಲ. ಅತ್ತೆ ನನ್ನನ್ನು ಗಾಜಿನ ಬಳೆಯ ಹಾಗೆ ನೋಡಿಕೊಂಡರು, ಸುಮ್ನೆ ಕೂತು ಮಂಡಕ್ಕಿ ಒಗ್ಗರಣೆ ತಿಂದೆ.

ಆರನೇ ತಿಂಗಳ ಎಕೋದಲ್ಲಿ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಎರಡು ಬಿಳಿ ಗೆರೆ, ನಡುವೆ ಗೋಡೆ ಸಿಕ್ಕಿಕೊಂಡಿದೆ. ಸೋರಿಕೆ ಇಲ್ಲ. ಗಂಡ ಬಗ್ಗಿ ನೋಡಿ, "ಲೈನಿಂಗ್ ಸ್ವಲ್ಪ ಓರೆ ಇದೆಯಲ್ಲ?" ಅಂದರು. ಎಕೋ ಮಾಡುತ್ತಿದ್ದ ಹುಡುಗಿ ಗಾಬರಿಯಾಗಿ ಇನ್ನೊಮ್ಮೆ ಅಳೆದಳು.