ತೋಟದ ದಾರಿಗೂ ಹೆದ್ದಾರಿಗೂ ಒಂದೇ ಟೈರು

ಸಕಲೇಶಪುರ ದಾಟಿ ನಮ್ಮ ತೋಟದ ಕಡೆಗೆ ತಿರುಗಿದ ಮೇಲೆ ಒಂದು ಹಂತದಲ್ಲಿ ಟಾರು ಮುಗಿಯುತ್ತದೆ. ಅಲ್ಲಿಂದ ಮನೆಯವರೆಗೆ ಮೂರು ಕಿಲೋಮೀಟರು ಕೆಮ್ಮಣ್ಣಿನ ದಾರಿ. ಬೇಸಿಗೆಯಲ್ಲಿ ಅಲ್ಲಿ ಯಾವ ಕಾರಾದರೂ ಹೋದೀತು. ಆದರೆ ಮಳೆ ಹಿಡಿದ ಮೇಲೆ ಎರಡು ಹಳ್ಳ ಮತ್ತು ಒಂದು ಕಡಿದಾದ ಏರು ನಾಲ್ಕೂ ಚಕ್ರ ಎಳೆಯುವ ಜೀಪನ್ನೇ ಕೇಳುತ್ತವೆ. ಬೆಂಗಳೂರಿನಿಂದ ಆ ತಿರುವಿನವರೆಗಿನ ಸುಮಾರು 220 ಕಿಲೋಮೀಟರು ಮಾತ್ರ ರಾಷ್ಟ್ರೀಯ ಹೆದ್ದಾರಿ 75. ತಿಂಗಳಿಗೆರಡು ಸಲ ಈ ದಾರಿಯಲ್ಲಿ ಓಡಾಡುವ ನನ್ನ ಮಹೀಂದ್ರ ಜೀಪು ಥಾರ್‌ಗೆ ಟೈರು ಆರಿಸುವಾಗ ನಾನು ಮೊದಲ ಸಲ ತಪ್ಪು ಮಾಡಿದ್ದು, ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಆ ಮೂರು ಕಿಲೋಮೀಟರನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡದ್ದರಿಂದ.

ಅಪ್ಪನ ಕಾಲದ ಜೀಪಿಗೆ 6.00-16 ಅಳತೆಯ ಬಟನ್ ಟೈರುಗಳಿದ್ದವು, ಅಂದರೆ ಮೈಮೇಲೆ ರಬ್ಬರಿನ ದಪ್ಪ ಗಟ್ಟಿಗಳು ಎದ್ದಿರುವಂಥವು. ಮಳೆಗಾಲ ಜೋರಾದಾಗ ಹಿಂದಿನ ಚಕ್ರಗಳಿಗೆ ಸರಪಳಿ ಕಟ್ಟಿ ಅವರು ಏರು ಹತ್ತಿಸುತ್ತಿದ್ದುದನ್ನು ನೋಡಿ ಬೆಳೆದ ನನಗೆ, ಟೈರೆಂದರೆ ಬಟನ್ನು ದಪ್ಪಗಿರಬೇಕು ಎನ್ನುವುದು ಪ್ರಶ್ನಿಸಬೇಕಾದ ವಿಷಯವೆಂದೇ ಅನ್ನಿಸಿರಲಿಲ್ಲ. ಹಾಗಾಗಿ ಕೆಸರಿಗೆಂದೇ ಮಾಡಿದ ಎಂ.ಟಿ. ಟೈರುಗಳನ್ನು ಹಾಕಿಸಿದೆ. ಕೆಸರಿನಲ್ಲಿ ಅವು ನಿಜಕ್ಕೂ ಚೆನ್ನಾಗಿದ್ದವು. ಬಟನ್ನುಗಳ ನಡುವಿನ ಅಗಲವಾದ ಸಂದುಗಳಲ್ಲಿ ತುಂಬಿಕೊಂಡ ಜೇಡಿಮಣ್ಣು ಚಕ್ರ ತಿರುಗಿದ ರಭಸಕ್ಕೆ ಹೆಂಟೆಹೆಂಟೆಯಾಗಿ ಸಿಡಿದುಹೋಗಿ, ಮುಂದಿನ ಸುತ್ತಿಗೆ ಬಟನ್ನಿನ ಅಂಚು ಮತ್ತೆ ನೆಲವನ್ನು ಕಚ್ಚುತ್ತಿತ್ತು. ಸಾಧಾರಣ ಟೈರಿನಲ್ಲಾದರೆ ಆ ಮಣ್ಣು ಅಲ್ಲೇ ಮೆತ್ತಿಕೊಂಡು ಟೈರು ಕುಂಬಾರನ ಮಡಕೆಯಂತೆ ನುಣ್ಣಗಾಗುತ್ತದೆ.

ಹೆದ್ದಾರಿಯ ಕತೆಯೇ ಬೇರೆ. ಒಂದು ಜುಲೈ ಸಂಜೆ ಚನ್ನರಾಯಪಟ್ಟಣದ ಆಚೆ, ಸಣ್ಣ ಮಳೆಯಲ್ಲಿ, ಗಂಟೆಗೆ ಎಪ್ಪತ್ತರ ವೇಗದಲ್ಲಿ ಬರುತ್ತಿದ್ದಾಗ ಮುಂದಿದ್ದ ಲಾರಿ ಥಟ್ಟನೆ ನಿಧಾನವಾಯಿತು. ನಾನು ಬ್ರೇಕ್ ಒತ್ತಿದೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಪೆಡಲನ್ನು ಗಡಗಡ ನಡುಗಿಸುತ್ತಿದ್ದರೂ ಜೀಪು ಸಾಗುತ್ತಲೇ ಇತ್ತು. ಲಾರಿಯ ಹಿಂಭಾಗಕ್ಕೆ ಒಂದಾಳುದ್ದ ದೂರವಿರುವಾಗ ಅದು ನಿಂತಿತು. ಪಕ್ಕದಲ್ಲಿ ಕುಳಿತಿದ್ದ ಅಮ್ಮ ಹಾಸನ ಬರುವವರೆಗೂ ಒಂದು ಮಾತೂ ಆಡಲಿಲ್ಲ.

ಅಗಲವಾದ ಸಂದುಗಳಿರುವಾಗ ನೀರು ಸರಿದುಹೋಗಲು ಜಾಗವೇನೂ ಕಡಿಮೆಯಿರಲಿಲ್ಲ. ಕೊರತೆಯಿದ್ದದ್ದು ಟಾರನ್ನು ಮುಟ್ಟುವ ರಬ್ಬರಿನದು. ಸಂದು ಅಗಲವಾದಷ್ಟೂ ನೆಲಕ್ಕೆ ತಾಗುವ ಭಾಗ ಕಿರಿದಾಗುತ್ತದೆ, ಎತ್ತರದ ಬಟನ್ನುಗಳು ಬ್ರೇಕಿನ ಒತ್ತಡಕ್ಕೆ ಬಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಬಟನ್ನಿನ ಮೈಮೇಲೆ ಬ್ಲೇಡಿನಿಂದ ಕೊಯ್ದಂತೆ ಕಾಣುವ ತೆಳುವಾದ ಸೀಳುಗಳು, ಅಂದರೆ ಸೈಪುಗಳು, ಎಂ.ಟಿ. ಟೈರುಗಳಲ್ಲಿ ಸಾಮಾನ್ಯವಾಗಿ ಬಹಳ ಕಡಿಮೆ. ಒದ್ದೆ ಟಾರಿನ ಮೇಲಿನ ನೀರಿನ ತೆಳುಪದರವನ್ನು ಒಡೆದು, ಹತ್ತಾರು ಸಣ್ಣ ಅಂಚುಗಳಿಂದ ರಸ್ತೆಯನ್ನು ಹಿಡಿಯುವ ಕೆಲಸ ಅವುಗಳದ್ದು. ಈಗ ನಾನು ಅಂಗಡಿಯಲ್ಲಿ ಯಾವುದೇ ಟೈರನ್ನು ನೋಡಿದರೂ ಮೊದಲು ಹೆಬ್ಬೆರಳಿನ ಉಗುರನ್ನು ಆ ಸೀಳುಗಳಿಗೆ ತೂರಿಸಿ, ಅವು ಎಷ್ಟು ಆಳಕ್ಕೆ ಇಳಿದಿವೆ ಎಂದು ನೋಡುತ್ತೇನೆ. ಮೇಲುಮೇಲಕ್ಕೆ ಮಾತ್ರ ಇದ್ದರೆ ಟೈರು ಅರ್ಧ ಸವೆಯುವಷ್ಟರಲ್ಲಿ ಅವು ಅಳಿಸಿಹೋಗಿರುತ್ತವೆ.

ಹಾಗಾಗಿ ಎರಡನೆಯ ಸಲ ನಾನು ಆರಿಸಿದ್ದು ಎ.ಟಿ. ಟೈರು, ಅಂದರೆ ಟಾರಿಗೂ ಮಣ್ಣಿಗೂ ಹೊಂದುವಂತೆ ಮಾಡಿದ ಆಲ್-ಟೆರೇನ್ ಟೈರು. ಕೆಸರಿನಲ್ಲಿ ಇದು ಎಂ.ಟಿ.ಗೆ ಸಮವೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕೆಸರಿನಲ್ಲಿ ಹುಗಿದುಕೊಂಡರೆ ಹೋಗುವುದು ಒಂದು ಗಂಟೆಯ ಹೊತ್ತು ಮತ್ತು ಪಕ್ಕದ ತೋಟದವರ ಟ್ರ್ಯಾಕ್ಟರಿನ ಡೀಸೆಲ್ಲು; ಮಳೆಯ ಹೆದ್ದಾರಿಯಲ್ಲಿ ಬ್ರೇಕ್ ಹಿಡಿಯದೆ ಹೋದರೆ ಆಗುವುದನ್ನು ಅದರ ಜೊತೆ ತೂಗಲು ನನಗೆ ಮನಸ್ಸಿಲ್ಲ. ಉಳಿದ ಕೊರತೆಯನ್ನು ಗಾಳಿಯಿಂದ ತುಂಬಿಸಿಕೊಳ್ಳುತ್ತೇನೆ. ಟಾರು ಮುಗಿಯುವಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಗಳ ಗಾಳಿಯನ್ನು 18ರಿಂದ 20 ಪಿ.ಎಸ್.ಐ.ಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು ಕಲ್ಲಿನ ಮೇಲೂ ಬೇರಿನ ಮೇಲೂ ಮೆತ್ತಗೆ ಕೂರುತ್ತದೆ, ಎಂ.ಟಿ. ಹತ್ತುತ್ತಿದ್ದ ಏರನ್ನು ಬಹುತೇಕ ದಿನಗಳಲ್ಲಿ ಹತ್ತುತ್ತದೆ. ಹಿಂತಿರುಗುವಾಗ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರಿನಿಂದ, ಬಾಗಿಲ ಕಂಬದ ಸ್ಟಿಕರಿನಲ್ಲಿ ಬರೆದಷ್ಟು ಗಾಳಿಯನ್ನು ಮತ್ತೆ ತುಂಬಿಸಲೇಬೇಕು. ಗಾಳಿ ಇಳಿದ ಟೈರನ್ನು ಹೆದ್ದಾರಿಯ ವೇಗದಲ್ಲಿ ಓಡಿಸಿದರೆ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್ ಮಡಚಿ ಮಡಚಿ ಕಾದು, ಕೊನೆಗೆ ಸಿಡಿಯಬಹುದು.

ಅಳತೆಯ ವಿಷಯದಲ್ಲಿ ಸ್ನೇಹಿತರ ಒತ್ತಾಯ ಬಹಳವಿತ್ತು. ನನ್ನ ಜೀಪಿನ ಮೂಲ ಅಳತೆ 245/75 ಆರ್16: ಅಗಲ 245 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 75, ರಿಮ್ಮಿನ ವ್ಯಾಸ 16 ಇಂಚು. ಅಂದರೆ ಒಟ್ಟು ವ್ಯಾಸ ಸುಮಾರು 774 ಮಿಲಿಮೀಟರು. ಅವರು ಹೇಳಿದ 265/75 ಆರ್16 ಹಾಕಿದರೆ ವ್ಯಾಸ 804 ಆಗುತ್ತದೆ. ಆ 30 ಮಿಲಿಮೀಟರಿನಲ್ಲಿ ಜೀಪಿನ ಹೊಟ್ಟೆ ನೆಲದಿಂದ ಮೇಲೇಳುವುದು ಬರೀ 15. ಅದಕ್ಕೆ ಪ್ರತಿಯಾಗಿ ಚಕ್ರ ಭಾರವಾಗುತ್ತದೆ, ಬ್ರೇಕಿನ ಕೆಲಸ ಹೆಚ್ಚುತ್ತದೆ, ಮೀಟರು 80 ತೋರಿಸುವಾಗ ನಿಜವಾದ ವೇಗ 83 ಆಗಿರುತ್ತದೆ. ನಾನು ಮೂಲ ಅಳತೆಯನ್ನೇ ಉಳಿಸಿಕೊಂಡೆ. ಟೈರಿನ ಮೇಲಿನ ಅಳತೆಯ ಪಕ್ಕದಲ್ಲೇ 111ಎಸ್ ಎಂಬಂಥ ಒಂದು ಗುರುತಿರುತ್ತದೆ: 111 ಎಂದರೆ ಆ ಒಂದು ಟೈರು 1090 ಕಿಲೋ ಹೊರಬಲ್ಲದು, ಎಸ್ ಎಂದರೆ ಅದು ತಾಳುವ ಗರಿಷ್ಠ ವೇಗ ಗಂಟೆಗೆ 180 ಕಿಲೋಮೀಟರು. ಹಿಂದಿನ ಸೀಟು ಮಡಚಿ ಗೊಬ್ಬರವನ್ನೋ ಕಾಫಿಯ ಮೂಟೆಯನ್ನೋ ಹೇರುವವರು ಭಾರದ ಆ ಅಂಕಿ ಮೂಲ ಟೈರಿನದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು.

ಟೈರು ಕೊಳ್ಳುವಾಗ ಐದನ್ನು ಕೊಂಡೆ. ಸ್ಟೆಪ್ನಿಗೆ ಹಳೆಯದೇ ಸಾಕೆಂದು ಅಂಗಡಿಯವರು ಹೇಳಿದರೂ, ಸವೆತದಿಂದ ವ್ಯಾಸ ಬೇರೆಯಾದ ಒಂದು ಚಕ್ರವನ್ನಿಟ್ಟುಕೊಂಡು ನಾಲ್ಕೂ ಚಕ್ರದ ಎಳೆತಕ್ಕೆ ಹಾಕಿದರೆ ಗೇರುಗಳ ಮೇಲೆ ವೃಥಾ ಒತ್ತಡ ಬೀಳುತ್ತದೆ. ಐದನ್ನೂ ಸರದಿಯಲ್ಲಿ ತಿರುಗಿಸಿ ಹಾಕಿದರೆ ಎಲ್ಲವೂ ಒಂದೇ ಸಮ ಸವೆಯುತ್ತವೆ. ಹಣ ಕೊಡುವ ಮೊದಲು ಪ್ರತಿ ಟೈರಿನ ಸೈಡ್‌ವಾಲ್ ಮೇಲಿರುವ ನಾಲ್ಕಂಕಿಯನ್ನು ಟಾರ್ಚು ಹಿಡಿದು ಓದಿದೆ. ಮೊದಲೆರಡು ಅಂಕಿ ತಯಾರಾದ ವಾರ, ಉಳಿದೆರಡು ವರ್ಷ. ನಾಲ್ಕು ಟೈರುಗಳು ಅದೇ ವರ್ಷದವು, ಐದನೆಯದು ಮೂರು ವರ್ಷ ಹಳೆಯದು. ಗೋದಾಮಿನಿಂದ ಬೇರೆ ಟೈರು ತರಿಸುವವರೆಗೆ ಎರಡು ಗಂಟೆ ಅಲ್ಲೇ ಕುಳಿತಿದ್ದು, ಅದನ್ನು ಹಾಕಿಸಿಕೊಂಡೇ ಹೊರಟೆ.