ಸ್ವಂತ ಕಂಪ್ಯೂಟರಿನಲ್ಲಿ ಜೆಂಕಿನ್ಸ್

ಒಬ್ಬರೇ ಕೋಡ್ ಬರೆಯುವ ಯೋಜನೆಗೆ ಕಂಟಿನ್ಯುಯಸ್ ಇಂಟಿಗ್ರೇಷನ್ ಸರ್ವರ್ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಹಲವರು ಮಾಡಿದ ಬದಲಾವಣೆಗಳನ್ನು ಆಗಾಗ ಒಂದುಗೂಡಿಸಿ ಪರೀಕ್ಷಿಸಲೆಂದು ಹುಟ್ಟಿದ ಪದ್ಧತಿ ಅದು. ನಾನು ಲಿನಕ್ಸ್ ಕಂಪ್ಯೂಟರಿನಲ್ಲಿ ಅಂಥದೊಂದು ಸರ್ವರ್ ಆದ ಜೆಂಕಿನ್ಸ್ ಇಟ್ಟುಕೊಂಡಿರುವುದು ಬೇರೆ ಕಾರಣಕ್ಕೆ: ನನ್ನ ಖಾತೆಯ ಅನುಕೂಲಗಳು ಯಾವುವೂ ಇಲ್ಲದ ಕಡೆಯೂ ಕೋಡ್ ಬಿಲ್ಡ್ ಆಗುತ್ತದೆಯೇ (ಅಂದರೆ ಓಡಿಸಬಲ್ಲ ಪ್ರೋಗ್ರಾಂ ಆಗುತ್ತದೆಯೇ) ಎಂದು ತಿಳಿಯುವುದಕ್ಕೆ.

ಹಡ್ಸನ್ ಎಂಬ ಹೆಸರಿನಲ್ಲಿದ್ದು 2011ರಲ್ಲಿ ಜೆಂಕಿನ್ಸ್ ಆದ ಈ ತಂತ್ರಾಂಶವನ್ನು ಸ್ಥಾಪಿಸುವುದು ಸುಲಭ. ಅದಕ್ಕೆ ಒಪ್ಪುವ ಜಾವಾ ಆವೃತ್ತಿ ಮೊದಲೇ ಇದ್ದರೆ ಸಾಕು. ಡೆಬಿಯನ್ ಪ್ಯಾಕೇಜಿನ ಮೂಲಕ ಹಾಕಿಕೊಂಡಾಗ ಅದು ಸರ್ವಿಸ್ ಆಗಿ 8080ನೇ ಪೋರ್ಟಿನಲ್ಲಿ ಆರಂಭವಾಗುತ್ತದೆ. ಅದೇ ನೆಟ್‌ವರ್ಕಿನ ಇತರ ಯಂತ್ರಗಳಿಗೆ ಅದು ಕಾಣಬೇಕಿಲ್ಲವಾದ್ದರಿಂದ, ಆಲಿಸುವ ವಿಳಾಸವನ್ನು 127.0.0.1ಕ್ಕೆ, ಅಂದರೆ ಅದೇ ಕಂಪ್ಯೂಟರಿಗೆ, ಸೀಮಿತಗೊಳಿಸುವುದು ಒಳ್ಳೆಯದು.

ನಿಜವಾದ ಕೆಲಸ ಮೊದಲ ಬಿಲ್ಡ್ ವಿಫಲವಾದಾಗ ಶುರುವಾಗುತ್ತದೆ. ಪ್ಯಾಕೇಜ್ ತನಗಾಗಿ ಜೆಂಕಿನ್ಸ್ ಎಂಬ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿಕೊಂಡಿರುತ್ತದೆ; ನಮ್ಮ ಶೆಲ್ ಸೆಟ್ಟಿಂಗುಗಳಲ್ಲಿ ಸೇರಿಸಿಕೊಂಡ ಪಾತ್, ಹೋಮ್ ಡೈರೆಕ್ಟರಿಯಲ್ಲಿ ಹಾಕಿಕೊಂಡ ಕಂಪೈಲರ್, ಎಂದೋ ರಫ್ತು ಮಾಡಿಟ್ಟ ಎನ್ವಿರಾನ್‌ಮೆಂಟ್ ವೇರಿಯಬಲ್, ಎಸ್‌ಎಸ್‌ಎಚ್ ಕೀಲಿ, ಇವು ಯಾವುವೂ ಆ ಬಳಕೆದಾರನಿಗೆ ಸಿಗುವುದಿಲ್ಲ. ಕಮಿಟ್‌ಗೆ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಗೆ) ಸೇರದೆ ಉಳಿದ ಫೈಲೊಂದು ನಮ್ಮ ಫೋಲ್ಡರಿನಲ್ಲಿ ಇದ್ದೇ ಇರುವುದರಿಂದ ನಮಗೆ ತಿಳಿಯದೆ ಹೋದರೂ, ಕೋಡಿನ ಸಂಗ್ರಹವಾದ ರೆಪಾಸಿಟರಿಯಿಂದ ಹೊಸದಾಗಿ ಪ್ರತಿ ತೆಗೆದುಕೊಳ್ಳುವ ಜೆಂಕಿನ್ಸ್ ಅದರ ಕೊರತೆಯನ್ನು ಕೂಡಲೇ ತೋರಿಸುತ್ತದೆ. ಈ ಕಿರಿಕಿರಿ ತಪ್ಪಿಸಲು ಸರ್ವಿಸನ್ನು ತಮ್ಮದೇ ಖಾತೆಯಲ್ಲಿ ಓಡಿಸುವವರಿದ್ದಾರೆ. ಹಾಗೆ ಮಾಡಿದರೆ ಈ ಇಡೀ ಏರ್ಪಾಟಿಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿಲ್ಡಿಗೆ ಬೇಕಾದದ್ದನ್ನೆಲ್ಲ ಜೆಂಕಿನ್ಸ್‌ಫೈಲ್ ಎಂಬ, ಬಿಲ್ಡಿನ ಹಂತಗಳನ್ನು ಹೇಳುವ ಫೈಲಿನಲ್ಲಿ ಬರೆದು ಕೋಡಿನ ಜೊತೆಯಲ್ಲೇ ಇಡುವುದು ಸರಿಯಾದ ದಾರಿ. (ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರುಗಳಲ್ಲಿ ಓಡಿಸುವ ಡಾಕರ್ ಬಳಸುವವರು ಜೆಂಕಿನ್ಸ್ ಬಳಕೆದಾರನನ್ನು ಡಾಕರ್ ಗುಂಪಿಗೆ ಸೇರಿಸುವ ಮುನ್ನ ಯೋಚಿಸಬೇಕು, ಏಕೆಂದರೆ ಅದು ಇಡೀ ಯಂತ್ರದ ಮೇಲೆ ರೂಟ್ ಅಧಿಕಾರ ಕೊಟ್ಟಂತೆಯೇ.)

ರೆಪಾಸಿಟರಿ ಗಿಟ್‌ಹಬ್‌ನಂಥ ಕಡೆ ಇದ್ದರೆ ಇನ್ನೊಂದು ತೊಡಕಿದೆ. ಕಮಿಟ್ ಅನ್ನು ಅಲ್ಲಿಗೆ ಪುಶ್ ಮಾಡಿದೊಡನೆ ವೆಬ್‌ಹುಕ್ (ಆ ತಾಣ ಕಳಿಸುವ ಸೂಚನೆ) ಬಂದು ಬಿಲ್ಡ್ ಆರಂಭಿಸುವುದು ವಾಡಿಕೆಯಾದರೂ, ರೌಟರಿನ ಹಿಂದೆ ಕುಳಿತ, ಮೇಲಾಗಿ ಹೊರಗಿನ ಕರೆಗಳಿಗೆ ಮುಚ್ಚಿಟ್ಟ ಕಂಪ್ಯೂಟರಿಗೆ ಅದು ತಲುಪುವುದಿಲ್ಲ. ಇದಕ್ಕಾಗಿ ಪೋರ್ಟ್ ತೆರೆಯುವುದಕ್ಕಿಂತ, ನಿಗದಿತ ಅಂತರದಲ್ಲಿ ಜೆಂಕಿನ್ಸೇ ಹೋಗಿ ಹೊಸ ಕಮಿಟ್ ಇದೆಯೇ ಎಂದು ನೋಡಿಬರುವ ಪೋಲಿಂಗ್ ಸಾಕು; ಕೆಲವು ನಿಮಿಷಗಳ ವಿಳಂಬದಿಂದ ಒಬ್ಬರ ಯೋಜನೆಗೆ ನಷ್ಟವೇನಿಲ್ಲ. ಅದೇ ಯಂತ್ರದ ಫೋಲ್ಡರಿನಿಂದ ನೇರವಾಗಿ ಚೆಕ್‌ಔಟ್ ಮಾಡಲು ಹೊರಟರೆ, ಭದ್ರತೆಯ ಕಾರಣಕ್ಕೆ ಗಿಟ್ ಪ್ಲಗಿನ್ ತಡೆಯುತ್ತದೆ ಎಂಬುದನ್ನೂ ತಿಳಿದಿರಬೇಕು.

ಏಕಕಾಲಕ್ಕೆ ಎರಡು ಬಿಲ್ಡ್ ನಡೆಸುವ ಮೂಲ ಸೆಟ್ಟಿಂಗನ್ನು ನಾನು ಒಂದಕ್ಕೆ ಇಳಿಸಿದ್ದೇನೆ. ಇಲ್ಲವಾದರೆ ಅದೇ ಯಂತ್ರದಲ್ಲಿ ಎಡಿಟರ್ ಬಳಸುವುದು ಕಷ್ಟವಾಗುತ್ತದೆ. ಹಳೆಯ ಬಿಲ್ಡುಗಳು ತಾವಾಗಿಯೇ ಅಳಿಯುವಂತೆ ಪ್ರತಿ ಜಾಬಿನಲ್ಲೂ ಹೇಳಿಟ್ಟರೆ ಡಿಸ್ಕ್ ತುಂಬುವ ಚಿಂತೆಯೂ ಇರುವುದಿಲ್ಲ.