ದಾಟಿಹೋದ ತಟ್ಟೆ

ವರಮಹಾಲಕ್ಷ್ಮಿ ವ್ರತದ ಸಂಜೆ ಅರಿಶಿನ-ಕುಂಕುಮದ ತಟ್ಟೆ ಹಿಡಿದಿದ್ದವಳು ನಾನೇ. ಸಾಲಿನಲ್ಲಿ ಚಿಕ್ಕಮ್ಮನೂ ಕುಳಿತಿದ್ದರು. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಬೆಳಿಗ್ಗೆ ಕಳಶಕ್ಕೆ ಸೀರೆ ಉಡಿಸುವಾಗ ನೆರಿಗೆ ಹಿಡಿದುಕೊಟ್ಟವರು ಅವರು, ಒಬ್ಬಟ್ಟಿನ ಹೂರಣ ರುಬ್ಬಿದವರೂ ಅವರೇ. ಆದರೂ ನನ್ನ ಕೈ ಅವರ ಮುಂದೆ ನಿಲ್ಲಲಿಲ್ಲ. ಯಾರೂ ಹೇಳಿರಲಿಲ್ಲ, ಕೈಗೇ ಗೊತ್ತಿತ್ತು. "ಹಾಲು ಉಕ್ಕುತ್ತಿರಬೇಕು" ಎಂದು ಅವರು ಎದ್ದು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಹಾಲಿರಲಿಲ್ಲ.

ಲಕ್ಷ್ಮಿ ಎದುರಿಗೇ ಕುಳಿತು ನೋಡುತ್ತಿದ್ದಳು. ಕೈಗೆ ಒಂಬತ್ತು ಗಂಟಿನ ದಾರ ಕಟ್ಟಿಕೊಂಡಿದ್ದೆ. ಆಮೇಲೆ ಅದನ್ನು ನೋಡಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಮುಂದಿನ ನವರಾತ್ರಿಗೆ ಅವರನ್ನು ಮಂಗಳೂರಿನ ಕುದ್ರೋಳಿಗೆ ಕರೆದುಕೊಂಡು ಹೋದೆ. ಬೇರೆ ಗುಡಿಗಳಿಗೆ ಪ್ರವೇಶವಿಲ್ಲದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಜಾಗ ಅದು. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಅದಕ್ಕೆ ನೂರು ವರ್ಷ ಬೇಕಾಯಿತೇ ಎಂದು ಗೊಣಗುವವರು ಗೊಣಗಲಿ, ನಮ್ಮ ಮನೆಯ ನಡುಮನೆಯಲ್ಲಿ ಇನ್ನೂ ಆಗಿರಲಿಲ್ಲ. ಬಸ್ಸಿನಲ್ಲಿ ಇದನ್ನೆಲ್ಲ ಹೇಳಿದೆ. "ಅವರು ಹಣೆಗೆ ಇಡುತ್ತಾರೆಯೇ?" ಎಂದಷ್ಟೇ ಚಿಕ್ಕಮ್ಮ ಕೇಳಿದರು.

ಶಾರದೆಯ ಮುಂದೆ ನೂಕುನುಗ್ಗಲು. ಅವರು ರೂಢಿಯಂತೆ ಕಂಬದ ಮರೆಗೆ ಸರಿದರು. ನನಗೆ ಹೊಟ್ಟೆ ಕಿವುಚಿದಂತಾಯಿತು. ತಪ್ಪುಕಾಣಿಕೆಯನ್ನು ದೇವಿಯ ಹುಂಡಿಗೆ ಹಾಕಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಸಲ್ಲಬೇಕಾದವರು ಕಂಬದ ಪಕ್ಕದಲ್ಲಿದ್ದರು.

"ಅವತ್ತು ತಟ್ಟೆ ದಾಟಿಸಿದ್ದು ತಪ್ಪಾಯಿತು, ಚಿಕ್ಕಮ್ಮ."

ಅವರು ಬಹಳ ಹೊತ್ತು ಶಾರದೆಯನ್ನೇ ನೋಡಿದರು. "ನೀನು ನಿಂತಿದ್ದರೂ ನಾನೇ ಕೈ ಅಡ್ಡ ಹಿಡಿಯುತ್ತಿದ್ದೆ. ನಿನ್ನ ಮೇಲೆ ಸಿಟ್ಟಿರಲಿಲ್ಲ ಮಗಳೇ. ಅವರು ಹೋದ ಮೇಲೂ ಉಂಡುಟ್ಟು ಇದ್ದೇನಲ್ಲ ಎಂದು ನನ್ನ ಮೇಲೇ ಇತ್ತು."

ಆರತಿ ಬಂತು. ಕಣ್ಣಿಗೊತ್ತಿಕೊಂಡರು, ಕುಂಕುಮ ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಹಣೆ ಅವರದು.

ಹೊರಗೆ ಬಂದು ಪ್ರಸಾದದ ಪೊಟ್ಟಣ ಬಿಚ್ಚಿ, ಒಂದು ತುಂಡು ಮಲ್ಲಿಗೆಯನ್ನು ನನ್ನ ಜಡೆಗೆ ಸಿಕ್ಕಿಸಿದರು. ಉಳಿದದ್ದನ್ನು ಕೈಯಲ್ಲೇ ಹಿಡಿದು ಬಸ್ ಹತ್ತಿದರು. ಶಿರಾಡಿ ಘಾಟಿ ಏರುವಾಗ ಹೊರಗೆ ಪೂರಾ ಕತ್ತಲು. ನಾನು ನಿದ್ದೆ ಮಾಡಿದ್ದೇನೆಂದುಕೊಂಡು ಚಿಕ್ಕಮ್ಮ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು, ನಿಧಾನಕ್ಕೆ ಹೂ ಮುಡಿದರು.